ಬಾಟಲಿ ಸುರಿದರೆ ವಾಲ್ವ್ ತೊಳೆಯುವುದಿಲ್ಲ

ಸಂಪಾದಕರಿಗೆ,



ಕಡೂರು, ತರೀಕೆರೆ, ಅಜ್ಜಂಪುರದ ಸುದ್ದಿಗೆಂದು ಮೀಸಲಿಟ್ಟ ನಿಮ್ಮ ಪುಟದಲ್ಲಿ ಈಚೆಗೆ ಕಾರುಗಳ ‘ಇಂಜಿನ್ ಕಾರ್ಬನ್ ಸ್ವಚ್ಛತಾ ಶಿಬಿರ’ದ ಬಗ್ಗೆ ಬರಹವೊಂದು ಬಂತು. ಅರ್ಧ ಗಂಟೆಯಲ್ಲಿ ಇಂಜಿನ್ ಹೊಸದಾಗುತ್ತದಂತೆ, ಮೈಲೇಜು ಖಂಡಿತ ಏರುತ್ತದಂತೆ, ಪೆಟ್ರೋಲ್ ಡೀಸೆಲ್ ಎನ್ನದೆ ಎಲ್ಲ ಗಾಡಿಗೂ ಒಂದೇ ಮದ್ದಂತೆ. ಮಾರುವವನು ಹೀಗೆ ಹೇಳಿಕೊಳ್ಳಲಿ, ಅದು ಅವನ ಹೊಟ್ಟೆಪಾಡು. ಪತ್ರಿಕೆಯೂ ಅದನ್ನೇ ತನ್ನ ಬಾಯಲ್ಲಿ ಹೇಳಿತಲ್ಲ, ನನ್ನ ತಕರಾರು ಅದಕ್ಕೆ. ಹೆದ್ದಾರಿ ಬದಿಯ ಶಾಮಿಯಾನದ ಕೆಳಗೆ ಎರಡು ಮೂರು ಸಾವಿರ ರೂಪಾಯಿ ಎಣಿಸಿ ಕೊಡುವವರು ಅಡಿಕೆ, ತೆಂಗು, ಈರುಳ್ಳಿ ಮಾರಿ ಕಾರು ತೆಗೆದುಕೊಂಡವರು, ಸಾಲ ಮಾಡಿ ಟ್ಯಾಕ್ಸಿ ಓಡಿಸುತ್ತಿರುವ ಹುಡುಗರು. ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಪಾಠ ಹೇಳಿ ನಿವೃತ್ತನಾದ ನನಗೆ ಸುಮ್ಮನಿರಲು ಆಗಲಿಲ್ಲ.

ಇಂಜಿನ್ನಿಗೆ ಕಾರ್ಬನ್ ಹಿಡಿಯುವುದು ಸುಳ್ಳಲ್ಲ. ಅಂಬಾಸಿಡರ್ ಕಾಲದಲ್ಲಿ ಹೆಡ್ ಇಳಿಸಿ ಪಿಸ್ಟನ್ ತಲೆಯ ಮಸಿ ಕೆರೆಯುತ್ತಿದ್ದೆವು. ಟೂ ಸ್ಟ್ರೋಕ್ ಸ್ಕೂಟರಿನ ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಿಡಿಯುತ್ತಿದ್ದೆವು. ಆಗ ಮಸಿ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಈಗ ಕಾಣುವುದಿಲ್ಲ, ವ್ಯಾಪಾರ ನಡೆಯುತ್ತಿರುವುದು ಅದರ ಮೇಲೆಯೇ.

ಸಾಮಾನ್ಯ ಪೆಟ್ರೋಲ್ ಇಂಜಿನ್ನಿನಲ್ಲಿ ನಾಜಲ್ ಇರುವುದು ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ. ಅದು ಚಿಮ್ಮುವ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಬಡಿದು ಒಳಗೆ ಹೋಗುತ್ತದೆ, ವಾಲ್ವ್ ತಾನಾಗಿ ತೊಳೆದುಕೊಳ್ಳುತ್ತಿರುತ್ತದೆ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ, ಅಂದರೆ ಜಿಡಿಐ, ಟಿಎಸ್‌ಐ ಎಂದು ಹಿಂಬದಿಯಲ್ಲಿ ಬರೆದುಕೊಂಡು ಬರುವ ಕಾರುಗಳಲ್ಲಿ, ನಾಜಲ್ ನೇರ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತದೆ. ಅಲ್ಲಿ ಮೂರು ನಾಲ್ಕು ಬಾರ್ ಒತ್ತಡ ಸಾಕಿದ್ದರೆ ಇಲ್ಲಿ 200, ಕೆಲವದರಲ್ಲಿ 350 ಬಾರ್. ಸಣ್ಣ ಇಂಜಿನ್ನಿಗೆ ದೊಡ್ಡ ಪಿಕಪ್ ಬರುವುದರಲ್ಲಿ ಇದರ ಪಾಲೂ ಇದೆ. ಆದರೆ ವಾಲ್ವಿನ ಬೆನ್ನಿಗೆ ಪೆಟ್ರೋಲಿನ ಒಂದು ಹನಿಯೂ ತಾಗುವುದಿಲ್ಲ. ಕ್ರ್ಯಾಂಕ್‌ಕೇಸಿನಿಂದ ಏಳುವ ಆಯಿಲಿನ ಆವಿ ಮಾತ್ರ ಹೊರಗೆ ಹೋಗುವ ಹಾಗಿಲ್ಲವೆಂದು ಮತ್ತೆ ಅದೇ ಗಾಳಿಯ ದಾರಿಗೆ ತಿರುಗಿ ಬರುತ್ತದೆ, ಬಿಸಿ ವಾಲ್ವಿನ ಮೇಲೆ ಕೂತು ಒಣಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಅಂಚಿಗೆ ಹಿಡಿದ ಚೊಗರನ್ನು ಕೆರೆದು ಬಲ್ಲವರಿಗೆ ಅದು ಎಷ್ಟು ಗಟ್ಟಿ ಎಂದು ನಾನು ಹೇಳಬೇಕಿಲ್ಲ. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಹೋಗಿ ಇಂಜಿನ್ ಕಾಯುವ ಮೊದಲೇ ಆಫ್ ಮಾಡುವ ಕಾರಿಗೆ, ಕಡೂರು ರೈಲು ನಿಲ್ದಾಣದ ಮುಂದೆ ಎಸಿ ಹಾಕಿಕೊಂಡು ನಿಂತಿರುವ ಟ್ಯಾಕ್ಸಿಗೆ ಇದು ಬೇಗ ಹಿಡಿಯುತ್ತದೆ.

ಶಿಬಿರದ ಮದ್ದು ಟ್ಯಾಂಕಿಗೆ ಸುರಿಯುವ ಬಾಟಲಿ. ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಟ್ಯಾಂಕಿಗೆ ಹಾಕಿದ್ದು ಪಂಪು, ನಾಜಲ್ ದಾಟಿ ನೇರ ಸಿಲಿಂಡರಿಗೆ ಹೋಗುತ್ತದೆ. ವಾಲ್ವಿನ ಬೆನ್ನು ಆ ದಾರಿಯಲ್ಲಿ ಇಲ್ಲವೇ ಇಲ್ಲ. ಒಳ್ಳೆಯ ಡಿಟರ್ಜೆಂಟ್ ಇರುವ ಬಾಟಲಿಯಾದರೆ ನಾಜಲ್ಲಿನ ತುದಿಯನ್ನು ಒಂದಿಷ್ಟು ಶುಚಿ ಮಾಡೀತು, ಅದನ್ನು ಒಪ್ಪುತ್ತೇನೆ. ಅಮೆರಿಕದಲ್ಲಿ 1995ರಿಂದ ಪೆಟ್ರೋಲಿಗೇ ಡಿಟರ್ಜೆಂಟ್ ಬೆರೆಸಿರಬೇಕೆಂಬ ನಿಯಮವಿದೆ. ನಮ್ಮ ಬಂಕುಗಳಲ್ಲೂ ಎಕ್ಸ್‌ಪಿ95, ಸ್ಪೀಡ್, ಪವರ್ ಎಂಬ ಹೆಸರಿನಲ್ಲಿ ಅಂಥ ಪೆಟ್ರೋಲ್ ಸಿಗುತ್ತದೆ. ಆದರೆ ನಾಜಲ್ ಶುಚಿಯಾಗುವುದನ್ನೇ ಹಿಡಿದು ‘ಇಡೀ ಇಂಜಿನ್ ಕಾರ್ಬನ್ ಮುಕ್ತ’ ಎನ್ನುವುದು ಬೇರೆ ಮಾತು.

ಬಾಟಲಿಯಲ್ಲದೆ ಶಿಬಿರದಲ್ಲಿ ಒಂದು ಪೆಟ್ಟಿಗೆಯೂ ಇದೆ. ನೀರಿನಿಂದ ಹೈಡ್ರೋಜನ್ ತೆಗೆದು ಗಾಳಿಯ ದಾರಿಯಲ್ಲಿ ಬಿಡುತ್ತಾರಂತೆ, ಅದು ಕಾರ್ಬನ್ನನ್ನು ಸುಟ್ಟುಬಿಡುತ್ತದಂತೆ. ಬೆಂಕಿ ಹೊತ್ತುವುದು ಇನ್‌ಟೇಕ್ ವಾಲ್ವ್ ಮುಚ್ಚಿದ ಮೇಲೆ, ಸಿಲಿಂಡರಿನ ಒಳಗೆ. ವಾಲ್ವಿನ ಹೊರಬದಿಯ ಮಸಿಯನ್ನು ಆ ಬೆಂಕಿ ಹೇಗೆ ಮುಟ್ಟೀತು ಎಂದು ಶಿಬಿರದ ಹುಡುಗನನ್ನು ಕೇಳಿದೆ. ‘ಸಾರ್, ಅದು ಟೆಕ್ನಾಲಜಿ’ ಎಂದ. ನಮ್ಮ ಐಟಿಐಯ ಮೊದಲ ವರ್ಷದ ಹುಡುಗರು ಇದಕ್ಕಿಂತ ಒಳ್ಳೆಯ ಉತ್ತರ ಕೊಡುತ್ತಿದ್ದರು.

ನಂಬಿಸಲು ಅವರು ತೋರಿಸುವುದು ಹೊಗೆ ತಪಾಸಣೆಯ ಎರಡು ಚೀಟಿ, ಮೊದಲಿನದು ಮತ್ತು ನಂತರದ್ದು. ಎರಡನೆಯದರಲ್ಲಿ ಅಂಕಿ ಇಳಿದಿರುತ್ತದೆ, ಜನ ತಲೆದೂಗುತ್ತಾರೆ. ಮೊದಲ ಚೀಟಿ ಬರುವುದು ತಣ್ಣಗೆ ನಿಂತ ಗಾಡಿಯಿಂದ, ಎರಡನೆಯದು ಅರ್ಧ ಗಂಟೆ ಓಡಿ ಕಾದ ಗಾಡಿಯಿಂದ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡುವುದು ಸುಮಾರು 250ರಿಂದ 300 ಡಿಗ್ರಿ ಕಾದ ಮೇಲೆ. ಯಾವ ಮದ್ದೂ ಹಾಕದೆ ಗಾಡಿಯನ್ನು ತರೀಕೆರೆಯಿಂದ ಬೀರೂರಿಗೆ ಓಡಿಸಿಕೊಂಡು ಬಂದು ಹೊಗೆ ನೋಡಿಸಿ, ಅಂಕಿ ತಾನಾಗಿ ಇಳಿದಿರುತ್ತದೆ.

ಕಾರು ಕಂಪನಿಗಳೇನೂ ಈ ತೊಂದರೆ ಗೊತ್ತಿಲ್ಲದೆ ಕೂತಿಲ್ಲ. 1996ರಲ್ಲಿ ಮಿತ್ಸುಬಿಶಿ ಜಪಾನಿನಲ್ಲಿ ಜಿಡಿಐ ಕಾರು ಬಿಟ್ಟಿತು, ಆಮೇಲೆ ಉಳಿದವರೂ ಬಂದರು. ಟೊಯೊಟಾ 2005ರ ಹೊತ್ತಿಗೆ ಒಂದೊಂದು ಸಿಲಿಂಡರಿಗೂ ಎರಡೆರಡು ನಾಜಲ್ ಇಟ್ಟಿತು, ಒಂದು ಒಳಗೆ, ಇನ್ನೊಂದು ಹಳೆಯ ಪದ್ಧತಿಯಂತೆ ವಾಲ್ವಿನ ಹಿಂದೆ. ಎರಡು ನಾಜಲ್ಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ವಾಲ್ವಿನ ಹಿಂದಿನ ನಾಜಲ್ಲಿನಿಂದ ವಾಲ್ವಿಗೆ ಮತ್ತೆ ಪೆಟ್ರೋಲ್ ತಾಗತೊಡಗಿತು. ಈಗಾಗಲೇ ಮಸಿ ಹಿಡಿದ ವಾಲ್ವಿಗೆ ನಂಬಬಹುದಾದ ದಾರಿ ಗಾಳಿ ಒಳಹೋಗುವ ಕೊಳವೆಯಾದ ಮ್ಯಾನಿಫೋಲ್ಡ್ ಬಿಚ್ಚುವುದು, ವಾಲ್ವ್ ಮುಚ್ಚಿಟ್ಟು ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಬಡಿದು ಮಸಿ ಉದುರಿಸುವುದು. ಚಿಪ್ಪು ಮೆತ್ತಗಿರುವುದರಿಂದ ಲೋಹಕ್ಕೆ ಗೀರು ಬೀಳದು. ಅರ್ಧ ದಿನದ ಕೆಲಸ, ಕೈ ಪಳಗಿರಬೇಕು. ಶಾಮಿಯಾನದ ಕೆಳಗೆ ಆಗುವಂಥದ್ದಲ್ಲ.

ಇಷ್ಟಕ್ಕೂ ಈ ರೋಗ ಯಾರಿಗಿದೆ? ನಮ್ಮ ಕೆಎ 66 ಫಲಕದ ಆಲ್ಟೊ, ವ್ಯಾಗನ್‌ಆರ್, ಸ್ವಿಫ್ಟ್ ಪೆಟ್ರೋಲ್ ಕಾರುಗಳಲ್ಲಿ ನಾಜಲ್ ವಾಲ್ವಿನ ಹಿಂದೆಯೇ ಇದೆ, ಅವಕ್ಕೆ ಇದರ ಕಾಟವಿಲ್ಲ. ಒಂದೇ ಫ್ರಾಂಕ್ಸ್ ಕಾರಿನಲ್ಲಿ 1.2 ಇಂಜಿನ್ನಿಗೆ ಇಲ್ಲ, 1.0 ಬೂಸ್ಟರ್‌ಜೆಟ್‌ಗೆ ಇದೆ. ವೆನ್ಯೂನಲ್ಲಿ 1.2ಕ್ಕೆ ಇಲ್ಲ, 1.0 ಟರ್ಬೊಗೆ ಇದೆ. ಶಿಬಿರದಲ್ಲಿ ಯಾರೂ ಯಾವ ಇಂಜಿನ್ ಎಂದು ಕೇಳಿದ್ದನ್ನು ನಾನು ನೋಡಲಿಲ್ಲ. ಡೀಸೆಲ್ ಗಾಡಿಗಳ ಕಥೆಯೇ ಬೇರೆ: ಅಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವಿಗೂ ಮ್ಯಾನಿಫೋಲ್ಡಿಗೂ ಮಸಿ ಕಟ್ಟುತ್ತದೆ, ಬಿಚ್ಚಿಯೇ ತೊಳೆಯಬೇಕು. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಹೆದ್ದಾರಿಯಲ್ಲಿ ನಿಲ್ಲದೆ ಓಡುವ ಓಟವೇ ಮದ್ದು. ಅಜ್ಜಂಪುರದಿಂದ ಬೆಂಗಳೂರಿಗೆ ಈರುಳ್ಳಿ ಹೊರುವ ಗಾಡಿಗಿಂತ ಹಳ್ಳಿ ಹಳ್ಳಿಯಲ್ಲಿ ನಿಂತು ಹಾಲು ಎತ್ತುವ ಗಾಡಿಗೆ ಈ ತೊಂದರೆ ಹೆಚ್ಚು.

ಮೈಲೇಜಿನ ವಿಚಾರಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ, ಶೇ 10 ಎಥನಾಲಿನ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದೆ. ಲೀಟರಿಗೆ 18 ಕೊಡುತ್ತಿದ್ದ ಹಳೆ ಕಾರು 17ಕ್ಕೆ ಬಂದರೆ ಅದಕ್ಕೆ ಕಾರಣ ಟ್ಯಾಂಕಿನಲ್ಲಿರುವ ಪೆಟ್ರೋಲೇ ಇರಬಹುದು. ಶಿಬಿರದವರು ಅದನ್ನೇ ‘ಕಾರ್ಬನ್ ಹಿಡಿದಿದೆ’ ಎಂದು ಹೆಸರಿಟ್ಟು ಮಾರುತ್ತಿದ್ದಾರೆ. ಎಥನಾಲ್ ಹಳೆ ಟ್ಯಾಂಕಿನ ಅಂಟನ್ನು ಬಿಡಿಸಿ ಫಿಲ್ಟರ್ ಕಟ್ಟಿಸುವುದೂ ಉಂಟು, ಹಾಗಾದರೆ ಬದಲಿಸಬೇಕಾದ್ದು ಫಿಲ್ಟರ್.

ಸರ್ಕಾರದಿಂದ ನಾನು ಹೊಸ ಕಾನೂನು ಕೇಳುತ್ತಿಲ್ಲ, ಇರುವುದೇ ಸಾಕು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಗೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ತಕ್ಕ ಪರೀಕ್ಷೆಯಿಲ್ಲದೆ ಸರಕಿನ ಗುಣಕ್ಕೆ ಖಾತರಿ ಕೊಡುವುದೂ ಹಾಗೆಯೇ. ಪರೀಕ್ಷೆ ಮಾಡಿದ್ದೇವೆ ಎಂದು ವಾದಿಸಿದರೆ ಸಾಬೀತುಪಡಿಸುವ ಹೊಣೆ ಮಾರುವವನದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ; ಮೊದಲು 1915ಕ್ಕೆ ಫೋನ್ ಮಾಡಿ ಹೇಳಿಕೊಳ್ಳಲೂಬಹುದು. ಆದರೆ ಕೈಯಲ್ಲಿ ಬಿಲ್ ಇಲ್ಲದವನ ದೂರು ನಿಲ್ಲುವುದು ಕಷ್ಟ. ಶಿಬಿರದಲ್ಲಿ ಕೊಡುವುದು ಕರಪತ್ರ ಮಾತ್ರ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಮುಂದಿನ ಶಿಬಿರದವರು ಕರಪತ್ರ ತಂದಾಗ ವರದಿಗಾರರನ್ನು ಅಲ್ಲಿಗೇ ಕಳಿಸಿ. ಒಂದು ಡೈರೆಕ್ಟ್ ಇಂಜೆಕ್ಷನ್ ಕಾರು ನಿಲ್ಲಿಸಿ, ಬೆರಳು ಗಾತ್ರದ ಕ್ಯಾಮೆರಾ ಇಳಿಸಿ, ಇನ್‌ಟೇಕ್ ವಾಲ್ವಿನ ಚಿತ್ರವನ್ನು ಮದ್ದು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ತೆಗೆಯಲು ಹೇಳಿ. ಮಸಿ ಹೋಗಿದ್ದರೆ ಎರಡೂ ಚಿತ್ರವನ್ನು ಮುಖಪುಟದಲ್ಲೇ ಹಾಕಿ. ಕ್ಯಾಮೆರಾ ಇಳಿಸಲು ಒಪ್ಪದಿದ್ದರೆ ಅದನ್ನೂ ಬರೆಯಿರಿ. ದುಡ್ಡು ಕೊಟ್ಟು ಹಾಕಿಸುವುದಾದರೆ ಬರಹದ ತಲೆಯ ಮೇಲೆ ‘ಜಾಹೀರಾತು’ ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡಿ.

ಇತಿ,
ನಿವೃತ್ತ ಐಟಿಐ ತರಬೇತಿದಾರ,
ತರೀಕೆರೆ