ಮನೆವಾರ್ತೆ: ಸಂಪಿಗೆ ಹಿಂದಿರುಗುವ ನೀರು

ಆದವಾನಿ, ಆಲೂರು, ಎಮ್ಮಿಗನೂರುಗಳ ಸೀಮೆಯಲ್ಲಿ ಮನೆ ಕಟ್ಟಿಸುವವರು ಮೊಟ್ಟಮೊದಲು ಯೋಚಿಸುವುದು ನೀರಿನ ಸಂಪನ್ನು ಕುರಿತು. ಇದರ ಕಾರಣವನ್ನು ಇಲ್ಲಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದರೆ ಹೊಸಪೇಟೆಯ ಅಣೆಕಟ್ಟೆಯಿಂದ ಹೊರಟ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಇಂದಿಗೂ ಬಳ್ಳಾರಿ ಜಿಲ್ಲೆಯನ್ನು ಹಾದೇ ನಮ್ಮಲ್ಲಿಗೆ ಬರುತ್ತದೆ. ಕಾಲುವೆ ಬತ್ತುವ ತಿಂಗಳುಗಳಿಗಾಗಿ ಬಸಲದೊಡ್ಡಿಯಂತಹ ಬೇಸಿಗೆ ಕೆರೆಗಳಲ್ಲಿ ನೀರನ್ನು ಕೂಡಿಡುತ್ತಾರೆ. ನಳದಲ್ಲಿ ನೀರು ದಿನವಿಡೀ ಇರುವುದಿಲ್ಲ; ಬಂದಾಗ ಹಿಡಿದಿಡಬೇಕು. ಆದುದರಿಂದಲೇ ನೆಲದೊಳಗೆ ಸಂಪು, ಮಾಳಿಗೆಯ ಮೇಲೆ ಟ್ಯಾಂಕು, ಎರಡರ ನಡುವೆ ಮೋಟಾರು.

ಸಂಪಿನ ಉದ್ದಗಲಗಳ ಬಗ್ಗೆ ಗೃಹಸ್ಥರು ಮೇಸ್ತ್ರಿಯೊಡನೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಒಳಗೆ ಬರುವ ಕೊಳವೆಯ ತುದಿ ಎಲ್ಲಿ ನಿಲ್ಲಬೇಕೆಂದು ಕೇಳುವವರು ವಿರಳ. ಮನೆಯವರ ಆರೋಗ್ಯ, ಕೆಲವೊಮ್ಮೆ ಇಡೀ ಓಣಿಯ ಆರೋಗ್ಯ, ಆ ತುದಿಯನ್ನು ಅವಲಂಬಿಸಿದೆ. ಈ ತಿಂಗಳು ಅದನ್ನೇ ವಿಚಾರಿಸೋಣ.

ವಿಷಯವನ್ನು ಕಣ್ಣಾರೆ ಕಾಣಲು ಗಾಜಿನ ಮೀನುತೊಟ್ಟಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ದೊಡ್ಡ ಮೀನುತೊಟ್ಟಿಗಳಿಗೆ ಕೆಳಗೊಂದು ಚಿಕ್ಕ ಸಂಪನ್ನು ಇಡುವುದುಂಟು. ಮೇಲಿನ ನೀರು ಅದಕ್ಕೆ ಇಳಿದು, ಅಲ್ಲಿ ಶುದ್ಧವಾಗಿ, ಸಣ್ಣ ಪಂಪಿನ ಬಲದಿಂದ ಮತ್ತೆ ಮೇಲೇರುತ್ತದೆ. ಹೀಗೆ ಮೇಲೇರಿದ ಕೊಳವೆಯ ಬಾಯಿ ತೊಟ್ಟಿಯ ನೀರಿನಲ್ಲಿ 4 ಅಂಗುಲ ಮುಳುಗಿದೆಯೆಂದುಕೊಳ್ಳಿ. ಕರೆಂಟು ಹೋದೊಡನೆ ಪಂಪು ನಿಲ್ಲುತ್ತದೆ. ಕೊಳವೆಯಲ್ಲಿರುವ ನೀರು ಮಾತ್ರ ನಿಲ್ಲದೆ ಬಂದ ದಾರಿಯಲ್ಲೇ ಕೆಳಗಿಳಿಯುತ್ತದೆ, ತನ್ನ ಹಿಂದೆ ತೊಟ್ಟಿಯ ನೀರನ್ನೂ ಎಳೆದುಕೊಳ್ಳುತ್ತದೆ. ಕೊಳವೆಯ ಬಾಯಿಗೆ ಗಾಳಿ ಸಿಗುವವರೆಗೆ ಇದಕ್ಕೆ ತಡೆಯಿಲ್ಲ. 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಹತ್ತೂವರೆ ಲೀಟರಿಗೂ ಸ್ವಲ್ಪ ಹೆಚ್ಚು. 4 ಅಂಗುಲಕ್ಕೆ ಸುಮಾರು 42 ಲೀಟರು. ಕೆಳಗಿನ ಸಂಪಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಉಳಿದ ನೀರೆಲ್ಲ ಮನೆಯ ನೆಲದ ಮೇಲೆ ಹರಿಯುತ್ತದೆ.

ಡ್ರಮ್ಮಿನಿಂದ ಡೀಸೆಲ್ ಇಳಿಸಿಕೊಳ್ಳುವ ರೈತರು ಈ ತತ್ತ್ವವನ್ನು ಬಲ್ಲರು. ರಬ್ಬರಿನ ಕೊಳವೆಯನ್ನು ಒಮ್ಮೆ ತುಂಬಿಸಿ ಕೆಳಗೆ ಬಿಟ್ಟರೆ ಸಾಕು, ಮುಂದಿನದು ತಾನಾಗಿಯೇ ಹರಿಯುತ್ತದೆ. ಅದನ್ನು ನಿಲ್ಲಿಸುವ ಸುಲಭೋಪಾಯವೆಂದರೆ ಮೇಲಿನ ತುದಿಗೆ ಗಾಳಿ ಕೊಡುವುದು. ಮೀನುತೊಟ್ಟಿಯವರು ಕೊಳವೆಯಲ್ಲಿ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ರಂಧ್ರ ಕೊರೆಯುತ್ತಾರೆ. ನೀರು ಅಲ್ಲಿಗಿಳಿದೊಡನೆ ಗಾಳಿ ಒಳನುಗ್ಗಿ ಹರಿವು ಕಡಿಯುತ್ತದೆ. ಪಾಚಿ ಕಟ್ಟಿದರೆ ರಂಧ್ರ ಮುಚ್ಚಿಹೋಗುತ್ತದೆ, ಆಗಾಗ ಬಿಡಿಸಬೇಕು. ನೀರನ್ನು ಹಿಂದಕ್ಕೆ ಬಿಡದ ವಾಲ್ವೊಂದನ್ನೇ ನಂಬಿ ಕುಳಿತರೆ, ಒಂದು ಕಸದ ಚೂರು ಸಿಕ್ಕಿದರೂ ಅದು ಪೂರ್ತಿ ಮುಚ್ಚಲಾರದು.

ಇದೇ ನಿಯಮ ನಮ್ಮ ಮಾಳಿಗೆಯ ಟ್ಯಾಂಕಿಗೂ ಅನ್ವಯಿಸುತ್ತದೆ. ಮೋಟಾರಿನಿಂದ ಬಂದ ಕೊಳವೆಯನ್ನು ಟ್ಯಾಂಕಿನ ತಳದಲ್ಲಿ ಸೇರಿಸಿದ್ದು, ಸಂಪಿನೊಳಗಿನ ಫುಟ್‌ವಾಲ್ವ್ ಸವೆದಿದ್ದರೆ, ರಾತ್ರಿ ತುಂಬಿಸಿದ ನೀರು ಬೆಳಗಾಗುವುದರೊಳಗೆ ಸಂಪಿಗೆ ಇಳಿದಿರುತ್ತದೆ. ಸಂಪೂ ತುಂಬಿದ್ದರೆ ಅದು ಚರಂಡಿಯ ಪಾಲು. ಕೊಳವೆಯನ್ನು ಟ್ಯಾಂಕಿನ ಮೇಲ್ಭಾಗದಿಂದ ತಂದು, ಬಾಯಿ ನೀರಿನಿಂದ ಮೇಲಿರುವಂತೆ ನಿಲ್ಲಿಸಿದರೆ ವಾಲ್ವ್ ಕೆಟ್ಟರೂ ಟ್ಯಾಂಕು ಬರಿದಾಗದು.

ಇಷ್ಟಾದರೆ ನೀರಿನ ನಷ್ಟ ಮಾತ್ರ. ಬೀದಿಯ ನಳದಿಂದ ಸಂಪಿಗೆ ಬರುವ ಕೊಳವೆಯಲ್ಲಿ ಅಡಗಿರುವ ಅಪಾಯ ಇದಕ್ಕಿಂತ ದೊಡ್ಡದು. ನೀರು ಬೀಳುವ ಸದ್ದು ಕೇಳಬಾರದೆಂದೋ, ಒತ್ತಡ ಸಾಲದೆಂದೋ ಅನೇಕರು ಆ ಕೊಳವೆಯನ್ನು ಸಂಪಿನ ತಳದವರೆಗೆ ಇಳಿಬಿಡುತ್ತಾರೆ. ಸಂಪು ತುಂಬಿದಂತೆ ಬಾಯಿ ಮುಳುಗುತ್ತದೆ. ಅಷ್ಟರಲ್ಲಿ ಸರಬರಾಜು ನಿಂತಿತೆನ್ನಿ. ತಗ್ಗಿನ ಓಣಿಗಳವರು ಇನ್ನೂ ನೀರು ಹಿಡಿಯುತ್ತಿರುತ್ತಾರೆ. ದೊಡ್ಡ ಕೊಳವೆಯಲ್ಲಿ ಉಳಿದ ನೀರು ಅತ್ತ ಜಾರುತ್ತದೆ. ಬೆಟ್ಟದ ಮಗ್ಗುಲಿನ ಆದವಾನಿಯಲ್ಲಿ ಏರುತಗ್ಗುಗಳಿಗೇನು ಕೊರತೆ? ಎತ್ತರದ ಮನೆಗಳ ಕೊಳವೆಯಲ್ಲಿ ನಿರ್ವಾತ ಉಂಟಾಗಿ, ಮುಳುಗಿದ ಬಾಯಿ ಸಂಪಿನ ನೀರನ್ನು ಬೀದಿಯ ಕೊಳವೆಗೆ ಹೀರಿಕೊಡುತ್ತದೆ. ಮಳೆಗಾಲದಲ್ಲಿ ಅಂಗಳದ ಕೊಳೆನೀರು ಇಳಿದಿದ್ದ ಸಂಪಾದರೆ, ಆ ಕೊಳೆಯೇ ಮುಂದಿನ ಸರದಿಯಲ್ಲಿ ನೆರೆಯವರ ಬಿಂದಿಗೆಗೆ ಬೀಳುವುದು.

ಇದು ಬರಿಯ ಊಹೆಯಲ್ಲ. 1933ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ವಿಶ್ವಪ್ರದರ್ಶನ ನಡೆದಾಗ, ಎರಡು ದೊಡ್ಡ ಹೋಟೆಲುಗಳಲ್ಲಿ ತಂಗಿದ್ದ ಅತಿಥಿಗಳು ಆಮಶಂಕೆಗೆ ತುತ್ತಾಗಿ 98 ಮಂದಿ ಸತ್ತರು. ದೋಷಯುಕ್ತ ಕೊಳವೆ ಜೋಡಣೆಯಿಂದ ಹೊಲಸು ನೀರು ಕುಡಿಯುವ ನೀರಿಗೆ ಸೇರಿತ್ತೆಂದು ತನಿಖೆಯಿಂದ ತಿಳಿಯಿತು. ಸಿರಿವಂತರ ಹೋಟೆಲಿಗೇ ಈ ಗತಿಯಾದರೆ, ಚರಂಡಿಯ ಪಕ್ಕದಲ್ಲೇ ನಳದ ಕೊಳವೆ ಹಾಯುವ ನಮ್ಮ ಓಣಿಗಳಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಪರಿಹಾರ ಸರಳವಾದದ್ದು. ಒಳಬರುವ ಕೊಳವೆಯ ಬಾಯಿಗೂ, ಸಂಪು ತುಂಬಿದಾಗಿನ ನೀರಿನ ಮಟ್ಟಕ್ಕೂ ನಡುವೆ ಕೊಳವೆಯ ಅಗಲದ ಎರಡರಷ್ಟಾದರೂ ಗಾಳಿಯ ತೆರವಿರಬೇಕು: ಅರ್ಧ ಅಂಗುಲದ ಕೊಳವೆಗೆ ಒಂದು ಅಂಗುಲ, ಒಂದು ಅಂಗುಲದ್ದಕ್ಕೆ ಎರಡು ಅಂಗುಲ, ಯಾವ ಕಾರಣಕ್ಕೂ ಒಂದು ಅಂಗುಲಕ್ಕಿಂತ ಕಡಿಮೆಯಾಗಬಾರದು. ಕೆಲಸಗಾರನು ತೆಲುಗಿನವನಿರಲಿ ಕನ್ನಡದವನಿರಲಿ, ಈ ಅಳತೆಯನ್ನು ಬೆರಳಿನಿಂದಲೇ ತೋರಿಸಬಹುದು. ಒತ್ತಡ ಸಾಲದೆ ಕೊಳವೆಯನ್ನು ತಗ್ಗಿನಲ್ಲೇ ತರಬೇಕಾದರೆ, ಫ್ಲೋಟ್ ವಾಲ್ವನ್ನೂ ಹೊರಹರಿವಿನ ಕಿಂಡಿಯನ್ನೂ ಅದಕ್ಕಿಂತ ಕೆಳಗಿಟ್ಟು ಸಂಪು ಅಲ್ಲಿಗೇ ತುಂಬುವಂತೆ ಮಾಡಬೇಕು. ಸಂಪು ಸ್ವಲ್ಪ ಕಡಿಮೆ ನೀರು ಹಿಡಿಯುವುದು ನಿಜ. ಹಿಡಿದ ನೀರು ಶುದ್ಧವಾಗಿರುತ್ತದೆ. ಇನ್ನು ಬೀದಿಯ ಕೊಳವೆಗೇ ಮೋಟಾರು ಹಚ್ಚಿ ಎಳೆಯುವ ಪದ್ಧತಿಯನ್ನಂತೂ ಬಿಟ್ಟುಬಿಡಬೇಕು. ಮೋಟಾರು ಎಳೆದಾಗ ಬಿರುಕುಬಿಟ್ಟ ಜೋಡಣೆಗಳಿಂದ ಚರಂಡಿಯ ನೀರೂ ಒಳನುಗ್ಗುತ್ತದೆ. ನೆರೆಯವರ ಪಾಲನ್ನು ಕಸಿದುಕೊಂಡವರು ಅವರ ಮಕ್ಕಳಿಗೂ ತಮ್ಮ ಮಕ್ಕಳಿಗೂ ರೋಗವನ್ನು ಹಂಚಿದಂತಾಗುತ್ತದೆ.

ಕೊಳವೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಸಾಲದು, ಅದು ಅಲ್ಲಿಯೇ ಇರುವಂತೆ ಬಿಗಿಯಬೇಕು. ಹತ್ತಿ ಬೆಳೆಯುವ ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರಲ್ಲಿ ನೇರವಾಗಿ ಹೂತ ಕೊಳವೆಯ ಜೋಡಣೆಗಳು ಸಡಿಲವಾಗುತ್ತವೆ. ಸುತ್ತಲೂ ಮರಳು ತುಂಬಿ ಹೂಳುವುದು ಲೇಸು. ಗೋಡೆಯ ಮೇಲೆ ಏರುವ ಪಿ.ವಿ.ಸಿ. ಕೊಳವೆಗೆ ಸುಮಾರು ಒಂದು ಮೀಟರಿಗೊಂದರಂತೆ ಕ್ಲಾಂಪು ಬೇಕು. ಪ್ರತಿ ತಿರುವಿನ ಬಳಿಯೂ ಒಂದಿರಲಿ. 10 ಮೀಟರಿನ ಕೊಳವೆ 30 ಡಿಗ್ರಿ ಶಾಖ ಏರಿದರೆ ಸುಮಾರು 2 ಸೆಂಟಿಮೀಟರ್ ಉದ್ದವಾಗುತ್ತದೆ. ಆದುದರಿಂದ ಕ್ಲಾಂಪು ಹಿಡಿಯಬೇಕೇ ಹೊರತು ಹಿಸುಕಬಾರದು. ಬಿಸಿಲಿಗೆ ಪಿ.ವಿ.ಸಿ. ಪೆಡಸಾಗುವುದರಿಂದ ಬಿಳಿ ಬಣ್ಣ ಬಳಿಯುವುದು ಹಿತ. ಮೋಟಾರಿನ ಬಳಿ ಒಂದು ಯೂನಿಯನ್ ಹಾಕಿಸಿದರೆ ದುರಸ್ತಿಗೆಂದು ಕೊಳವೆಯನ್ನು ಕತ್ತರಿಸಬೇಕಾಗದು. ಅಂಟಿನಿಂದ ಕೂಡಿಸಿದ ಜೋಡಣೆಗೆ ಒಂದು ದಿನ ಆರಲು ಬಿಟ್ಟು ಆಮೇಲೆ ನೀರು ಹರಿಸುವುದು ಒಳಿತು.

ಈ ವಾರ ಬಿಡುವಿನಲ್ಲಿ ಮೂರು ಪರೀಕ್ಷೆಗಳನ್ನು ಮಾಡಿನೋಡಿ. ರಾತ್ರಿ ಟ್ಯಾಂಕು ತುಂಬಿಸಿದ ಮೇಲೆ ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮಟ್ಟವನ್ನು ಗುರುತಿಸಿಟ್ಟು ಬೆಳಗ್ಗೆ ಹೋಲಿಸಿರಿ. ಸಂಪು ತುಂಬಿರುವಾಗ ಮುಚ್ಚಳ ತೆರೆದು, ಒಳಬರುವ ಕೊಳವೆಯ ಬಾಯಿ ಕಾಣುತ್ತಿದೆಯೇ ನೋಡಿರಿ. ಮೋಟಾರು ಹಾಕಿದಾಗ ಮತ್ತು ನಿಲ್ಲಿಸಿದಾಗ ಗೋಡೆಯ ಕೊಳವೆ ನಡುಗುತ್ತದೆಯೇ ಎಂದು ಕೈಯಿಟ್ಟು ತಿಳಿಯಿರಿ. ನೋಡುವುದೆಲ್ಲ ಹೊರಗಿನಿಂದಲೇ ಆಗಲಿ. ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಉಸಿರಾಡಲು ಗಾಳಿ ಸಾಲದೆ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ತೆರೆದ ಸಂಪಿನ ಬಳಿಗೆ ಮಕ್ಕಳನ್ನು ಬಿಡಬೇಡಿರಿ, ಕೆಲಸ ಮುಗಿದೊಡನೆ ಮುಚ್ಚಳವನ್ನು ಮರೆಯದೆ ಹಾಕಿರಿ.