ವಾರ್ಡು ಕೇಳಬೇಡಿ ಸ್ವಾಮಿ, ದಾರಿ ತೋರಿಸಿ!

ಹೇರೋಹಳ್ಳಿಯ ಒಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಹತ್ತೂವರೆ ಇರಬಹುದು. ಕಂದಾಯದ ರಸೀದಿ ಹಿಡಿದ ಅಜ್ಜಿಯೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾರೆ. ಕಂಪ್ಯೂಟರಿನ ಮುಂದಿನ ಹುಡುಗ ಕೇಳುತ್ತಾನೆ:

"ಅಜ್ಜಿ, ವಾರ್ಡ್ ನಂಬರ್ ಎಷ್ಟು?"

"ಗೊತ್ತಿಲ್ಲ ಕಣಪ್ಪಾ. ಗುಡಿ ಹಿಂದ್ಗಡೆ ಮೂರನೇ ಮನೆ."

"ಗುಡಿ ಇದ್ರಲ್ಲಿ ಬರಲ್ಲ ಅಜ್ಜಿ."

ಅರ್ಧ ಗಂಟೆ ಹೋಯಿತು. ಹುಡುಗ ಬುದ್ಧಿವಂತ, ಒಂದೊಂದೇ ನಂಬರು ಒತ್ತಿ ನೋಡಿ ಹೇಗೋ ಹುಡುಕಿದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು ಹೋದರು. ಮನೆಯಲ್ಲೇ ಕೂತು ಪುಕ್ಕಟೆ ಮಾಡಿಕೊಳ್ಳಬಹುದಾದ ಕೆಲಸ ಅಂತ ಅದೇ ವೆಬ್‌ಸೈಟಿನ ನೆತ್ತಿಯ ಮೇಲೆ ಅಕ್ಷರಗಳು ಓಡುತ್ತಿದ್ದವು! ಅದು ಯಾವ ಕಚೇರಿಯದು ಎಂಬುದು ಇಲ್ಲಿ ಬೇಡ. ಈ ರೋಗ ಒಂದೇ ಕಚೇರಿಯದಲ್ಲ.

ಅಜ್ಜಿಯದು ಏನು ತಪ್ಪು ಹೇಳಿ? ಹೇರೋಹಳ್ಳಿ ಹಳ್ಳಿಯಾಗಿತ್ತು. 2007ರಲ್ಲಿ ಬಿಬಿಎಂಪಿ ಹುಟ್ಟಿದ ಮೇಲೆ ಬೆಂಗಳೂರಾಯಿತು. 198 ವಾರ್ಡುಗಳ ಪಟ್ಟಿಯಲ್ಲಿ ಇದು 72ನೆಯದು. ಜನ ಆ ನಂಬರನ್ನು ಬಾಯಿಪಾಠ ಮಾಡುವಷ್ಟರಲ್ಲಿ 2022ರಲ್ಲಿ 243 ವಾರ್ಡು ಎಂದರು, 2023ರಲ್ಲಿ ಅಲ್ಲ 225 ಎಂದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆ ಬಂದವು. ಮನೆ ಇದ್ದಲ್ಲೇ ಇದೆ, ಗುಡಿಯೂ ಇದ್ದಲ್ಲೇ ಇದೆ. ಓಡಾಡುತ್ತಿರುವುದು ನಂಬರು ಮಾತ್ರ. ಆ ನಂಬರನ್ನೇ ಮೊದಲ ಪ್ರಶ್ನೆಯಾಗಿ ಕೇಳಿದರೆ ಜನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಇದು ಸಣ್ಣ ವಿಷಯ ಎಂದು ಯಾರೂ ನಗಬಾರದು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಸೈಟು, ಮನೆ ರಿಜಿಸ್ಟ್ರೇಷನ್ನಿಗೆ ಇ-ಖಾತಾ ಬೇಕೇ ಬೇಕು. ಮಗಳ ಮದುವೆಗೆಂದು ಇಪ್ಪತ್ತು-ಮೂವತ್ತರ ಸೈಟು ಮಾರುವವನ ಗತಿ ಕಂಪ್ಯೂಟರಿನ ಪರದೆಯೊಳಗಿನ ಒಂದು ಗುಂಡಿಗೆ ಬಂದು ನಿಂತಿದೆ. ಆ ಗುಂಡಿ ಎಲ್ಲಿದೆ, ಅದರ ಮೇಲೆ ಏನು ಬರೆದಿದೆ, ಕಣ್ಣಿಗೆ ಕಾಣುತ್ತದೆಯೋ ಇಲ್ಲವೋ ಎನ್ನುವುದು ಹಾಗಾಗಿ ಬರೀ ಕಂಪ್ಯೂಟರ್ ಇಂಜಿನಿಯರುಗಳ ಮಾತಲ್ಲ, ಊರಿನ ಮಾತು.

ನಮ್ಮ ಕಚೇರಿಗಳ ವೆಬ್‌ಸೈಟು ಕಟ್ಟುವವರು ಮಾಡುವ ಮೊದಲ ತಪ್ಪು ಇದೇ. ಕಚೇರಿಗೆ ಏನು ಗೊತ್ತೋ ಅದರ ಪ್ರಕಾರ ಬಾಗಿಲು ಇಡುತ್ತಾರೆ, ಬರುವವನಿಗೆ ಏನು ಗೊತ್ತು ಎಂದು ಕೇಳುವುದಿಲ್ಲ. 'ವಿಭಾಗಗಳು', 'ಯೋಜನೆಗಳು', 'ಸುತ್ತೋಲೆಗಳು' ಎಂದು ಸಾಲು ಸಾಲು ಹೆಸರು. ನಲ್ಲಿಯಲ್ಲಿ ನೀರು ಬರದವನು ತನ್ನ ಸಂಕಟ ಯಾವ ವಿಭಾಗಕ್ಕೆ ಸೇರಿದ್ದೆಂದು ತಿಳಿದುಕೊಂಡು ಬರಬೇಕೆ? 'ನೀರು ಬರುತ್ತಿಲ್ಲ', 'ಬೀದಿ ದೀಪ ಕೆಟ್ಟಿದೆ', 'ಕಂದಾಯ ಕಟ್ಟಬೇಕು' ಎಂದು ಬರೆದರೆ ಸಾಲದೆ?

ಬಸ್ಸಿನ ಬೋರ್ಡು ನೋಡಿ. ಮಾಗಡಿ ರಸ್ತೆಯಲ್ಲಿ ಬಸ್ಸು ನಿಲ್ಲುವುದೇ ಅರೆಕ್ಷಣ. ಅಷ್ಟರಲ್ಲಿ ನಂಬರು, ಹೋಗುವ ಊರು, ಯಾವ ದಾರಿ ಎಂಬಿಷ್ಟನ್ನು ಓದಿಕೊಂಡು ಜನ ಹತ್ತುತ್ತಾರೆ. ಸಾರಿಗೆ ಸಂಸ್ಥೆ ಯಾವಾಗ ಶುರುವಾಯಿತು, ಅಧ್ಯಕ್ಷರು ಯಾರು ಎಂದು ಯಾವ ಬೋರ್ಡೂ ಹೇಳುವುದಿಲ್ಲ. ಸರ್ಕಾರಿ ವೆಬ್‌ಸೈಟಿಗೆ ಹೋಗಿ ನೋಡಿ: ಮೇಲೆ ನಾಲ್ಕು ದೊಡ್ಡವರ ಫೋಟೋ, ಅದರ ಕೆಳಗೆ ತಾನೇ ತಿರುಗುವ ಚಿತ್ರಗಳು, ಪಕ್ಕದಲ್ಲಿ 'ಹೊಸದು' ಎಂದು ಮಿಣಮಿಣ ಅನ್ನುವ ಮೂರು ವರ್ಷದ ಹಿಂದಿನ ಪ್ರಕಟಣೆ. ನಮಗೆ ಬೇಕಾದದ್ದು ಎಲ್ಲಕ್ಕಿಂತ ಕೆಳಗೆ, ಇರುವೆ ಅಕ್ಷರದಲ್ಲಿ.

ಇನ್ನು ಕನ್ನಡದ ಪಾಡು. ಇಂಗ್ಲಿಷಿನ ಅಳತೆಗೆ ಪೆಟ್ಟಿಗೆ ಕೊಯ್ದು, ಅದರೊಳಗೆ ಕನ್ನಡ ತುರುಕಿದರೆ ಏನಾಗುತ್ತದೆ? ನಮ್ಮ ಲಿಪಿಗೆ ಕೆಳಗೆ ಒತ್ತಕ್ಷರ ಉಂಟು, ಅದಕ್ಕೆ ಜಾಗ ಬೇಕು. ಜಾಗ ಬಿಡದಿದ್ದರೆ ಸುಂಕದಕಟ್ಟೆ 'ಸುಂಕದಕಟೆ' ಆಗುತ್ತದೆ, ಹೆಗ್ಗನಹಳ್ಳಿ 'ಹೆಗನಹಳಿ' ಆಗುತ್ತದೆ, ನಮ್ಮ ಹೇರೋಹಳ್ಳಿ 'ಹೇರೋಹಳಿ' ಆಗಿ ಕೂರುತ್ತದೆ. ಪಾಠ ಕಲಿಯದ ಹುಡುಗ ಬರೆದ ಹಾಗೆ! ಸಾಲಿಗೂ ಸಾಲಿಗೂ ನಡುವೆ ಸ್ವಲ್ಪ ಹೆಚ್ಚು ಜಾಗ, ಅಕ್ಷರ ಇನ್ನೊಂದು ಚೂರು ದಪ್ಪ. ಇಷ್ಟೇ ಮದ್ದು. ಇದಕ್ಕೆ ಕೋಟಿ ರೂಪಾಯಿ ಟೆಂಡರು ಬೇಕಿಲ್ಲ.

ಹಿಂದೆ ನುಡಿಯಂಥ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪು ಮಾಡಿ ಹಾಕಿದ ಪುಟಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದವು. ಯೂನಿಕೋಡ್ ಬಂದ ಮೇಲೆ ಆ ಕಾಟ ತಪ್ಪಬೇಕಿತ್ತು. ಈಗಲೂ ಕೆಲವರು ಆದೇಶದ ಕಾಗದವನ್ನು ಫೋಟೋ ಹಿಡಿದು ಹಾಗೆಯೇ ಏರಿಸುತ್ತಾರೆ. ಅದರಲ್ಲಿ ಒಂದು ಪದ ಹುಡುಕಲು ಬರುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಬರೀ ಚಿತ್ರ. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಇಂಥ ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟಕುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿಯಾಗಿದೆ. ಉಪಕಾರದ ಮಾತಲ್ಲ ಇದು.

ಬಣ್ಣದ ವಿಷಯದಲ್ಲೂ ಅಷ್ಟೆ. ಬಿಳಿಯ ಮೇಲೆ ತಿಳಿಬೂದು ಅಕ್ಷರ ಈಗಿನ ಫ್ಯಾಷನ್ನು. ಎ.ಸಿ. ಕೋಣೆಯಲ್ಲಿ, ದೊಡ್ಡ ಪರದೆಯಲ್ಲಿ ಅದು ಸೊಗಸಾಗಿಯೇ ಕಾಣುತ್ತದೆ, ಇಲ್ಲವೆನ್ನುವುದಿಲ್ಲ. ಮಟಮಟ ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ, ಗೆರೆ ಬಿದ್ದ ಮೊಬೈಲಿನಲ್ಲಿ ನೋಡಿ, ಏನೂ ಕಾಣದು. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸ ಕನಿಷ್ಠ ನಾಲ್ಕೂವರೆಗೆ ಒಂದರಷ್ಟು ಇರಬೇಕೆಂದು ವೆಬ್‌ಸೈಟುಗಳ ಅಂತರರಾಷ್ಟ್ರೀಯ ನಿಯಮ 2008ರಿಂದಲೂ ಹೇಳುತ್ತಿದೆ. ನಮ್ಮ ಕೇಂದ್ರ ಸರ್ಕಾರವೂ ಸರ್ಕಾರಿ ವೆಬ್‌ಸೈಟುಗಳಿಗೆಂದೇ 2009ರಲ್ಲಿ ಮಾರ್ಗಸೂಚಿ ತಂದಿದೆ. ಓದಿದವರು ಯಾರು?

ಚಂದ ಬೇಡವೆ ಎಂದು ಕೇಳಬಹುದು. ಬೇಕು, ಖಂಡಿತ ಬೇಕು. ಆದರೆ ಯಾವುದು ಚಂದ? ಬ್ರಿಟಿಷ್ ಸರ್ಕಾರ 2012ರಲ್ಲಿ ತನ್ನ ಇಲಾಖೆಗಳನ್ನೆಲ್ಲ ಒಂದೇ ವೆಬ್‌ಸೈಟಿನ ಕೆಳಗೆ ತರಲು ಹೊರಟಿತು. ಕುಣಿಯುವ ಚಿತ್ರವಿಲ್ಲ, ಮಂತ್ರಿಗಳ ಮೆರವಣಿಗೆಯಿಲ್ಲ. ದಪ್ಪ ಅಕ್ಷರ, ಹುಡುಕುವ ಪೆಟ್ಟಿಗೆ, ಜನ ಆಡುವ ಮಾತಿನಲ್ಲೇ ಕೆಲಸದ ಹೆಸರು. ಅಷ್ಟು ಸಾದಾ ವೆಬ್‌ಸೈಟಿಗೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂನವರು ವರ್ಷದ ಅತ್ಯುತ್ತಮ ವಿನ್ಯಾಸ ಎಂಬ ಪ್ರಶಸ್ತಿ ಕೊಟ್ಟರು.

ನಮ್ಮ ವರ್ತಕ ಮಿತ್ರರಿಗೂ ಇಲ್ಲೇ ಒಂದು ಮಾತು. ಮಗನ ಸ್ನೇಹಿತನ ಕೈಲಿ ಅಂಗಡಿಗೆ ವೆಬ್‌ಸೈಟು ಮಾಡಿಸಿದ್ದೇವೆ ಎಂದು ಹಲವರು ಹೆಮ್ಮೆಯಿಂದ ತೋರಿಸುತ್ತಾರೆ. ತೆರೆದರೆ ಯಾವುದೋ ಪರದೇಶದ ಗಗನಚುಂಬಿ ಕಟ್ಟಡ, ಸೂಟು ಹಾಕಿ ಕೈಕುಲುಕುವ ದೊರೆಗಳು. ಇದು ಹಾರ್ಡ್‌ವೇರ್ ಅಂಗಡಿಯೋ ಬ್ಯಾಂಕೋ ತಿಳಿಯದು! ಸ್ವಾಮಿ, ನಿಮ್ಮ ಅಂಗಡಿಯ ಮುಂಭಾಗದ್ದೇ ಒಂದು ಫೋಟೋ ಹಾಕಿ. ಏನು ಸಿಗುತ್ತದೆ, ಸುಮಾರು ಏನು ಬೆಲೆ, ಎಷ್ಟು ಹೊತ್ತಿಗೆ ಬಾಗಿಲು, ಯಾವ ವಾರ ರಜ, ಇಷ್ಟು ಬರೆಯಿರಿ. ಫೋನ್ ನಂಬರು ಒತ್ತಿದ ಕೂಡಲೇ ಕರೆ ಹೋಗಬೇಕು. ಗಿರಾಕಿ ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದು ನಿಂತಿರುತ್ತಾನೆ, ಅವನಿಗೆ ಮಿಕ್ಕಿರುವುದು ಒಂದೇ ಹೆಬ್ಬೆರಳು. ಜನ ಹೆಚ್ಚಾಗಿ ಕೇಳುವ ಸಾಮಾನನ್ನು ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲೇ ಇಡಬೇಕೆಂಬುದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಯಲ್ಲಿ ಮಾಡುವುದನ್ನೇ ಪರದೆಯಲ್ಲೂ ಮಾಡಿ.

ಈಗ ಪಾಲಿಕೆಗಳು ಹೊಸದು. ವೆಬ್‌ಸೈಟುಗಳನ್ನೂ ತಿದ್ದಿ ಕಟ್ಟಲು ಇದೇ ಸಮಯ. ರಸೀದಿ ನಂಬರಾಗಲಿ, ಮಾಲೀಕರ ಹೆಸರಾಗಲಿ, ಬಡಾವಣೆಯ ಹೆಸರಾಗಲಿ ಏನು ಕೊಟ್ಟರೂ ಹುಡುಕಿ ಕೊಡಬೇಕು. ಹೇರೋಹಳ್ಳಿಯನ್ನು ಇಂಗ್ಲಿಷಿನಲ್ಲಿ ಕೊನೆಗೆ 'ಐ' ಹಾಕಿ ಬರೆಯುವವರುಂಟು, 'ವೈ' ಹಾಕಿ ಬರೆಯುವವರುಂಟು. ಎರಡಕ್ಕೂ ಊರು ಸಿಗಬೇಕು. ವಾರ್ಡ್ ನಂಬರನ್ನು ಕಂಪ್ಯೂಟರೇ ಹುಡುಕಿಕೊಳ್ಳಲಿ, ಅದಿರುವುದು ಅದಕ್ಕೇ.

ಕಟ್ಟಿದ ಮೇಲೆ ಉದ್ಘಾಟನೆಗೆ ಹಾರ ತುರಾಯಿ ತರಿಸುವ ಮುಂಚೆ, ಅದನ್ನು ಬರೆದ ಇಂಜಿನಿಯರುಗಳು ಒಂದು ಸೋಮವಾರ ಬೆಳಿಗ್ಗೆ ನಮ್ಮ ಹೇರೋಹಳ್ಳಿಯ ಜೆರಾಕ್ಸ್ ಅಂಗಡಿಗೆ ಬರಲಿ. ಬಾಯಿ ಬಿಡದೆ, ಅಜ್ಜಿಯ ಪಕ್ಕದಲ್ಲಿ ಒಂದು ಗಂಟೆ ಕೂತು ನೋಡಲಿ. ಸ್ಟೂಲು, ಕಾಫಿ ಎರಡೂ ನಮ್ಮ ಲೆಕ್ಕ.