ಕಡಲಿನ ತೇಲುಬುರುಡೆ

ಪುಣೆಯಲ್ಲಿ ಕುಳಿತವರಿಗೆ ಕಡಲಿನ ಗೊಡವೆ ಏಕೆಂದು ವಾಚಕರು ಕೇಳಿಯಾರು. ಉಡುಪಿ, ಕಾರವಾರಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಬಂಧುಗಳು ಮಾತ್ರ ಹಾಗೆ ಕೇಳರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷ ಮಾಲವಣದಾಚೆಯ ಕಡಲತಳದಲ್ಲಿ ಸಿಕ್ಕಿತೆಂದು ತಿಳಿದುದು 2019ರ ಮೇ ತಿಂಗಳಲ್ಲಿ. ಆ ನಾಲ್ಕೂವರೆ ತಿಂಗಳನ್ನು ಮನೆಯವರು ಹೇಗೆ ಕಳೆದರೋ! ನಾವಂತೂ ಬೆಳಿಗ್ಗೆ ಪತ್ರಿಕೆ ಬಿಚ್ಚಿದೊಡನೆ ಆ ಸುದ್ದಿಯನ್ನೇ ಹುಡುಕುತ್ತಿದ್ದೆವು.

ಕಡಲಿನಲ್ಲಿ ಕೈತಪ್ಪಿದ್ದು ಎತ್ತ ಹೋದೀತೆಂದು ತಿಳಿಯಬೇಕಾದರೆ ಮೇಲುನೀರಿನ ಓಟವನ್ನು ಅರಿಯಬೇಕು. ಅದಕ್ಕಾಗಿ ಶಾಸ್ತ್ರಜ್ಞರು ‘ಡ್ರಿಫ್ಟರ್’ ಎಂಬ ಉಪಕರಣವನ್ನು ತೇಲಬಿಡುತ್ತಾರೆ. ನಾವು ತೇಲುಬುರುಡೆ ಎನ್ನೋಣ. ಈಜು ಕಲಿಯುವ ಹುಡುಗರ ಬೆನ್ನಿಗೆ ಹಿರಿಯರು ಕಟ್ಟುತ್ತಿದ್ದ ಸೋರೆಬುರುಡೆಯನ್ನು ನೆನೆದರೆ ಸಾಕು. ಆದರೆ ಬರಿಯ ಬುರುಡೆ ಗಾಳಿ ತಳ್ಳಿದತ್ತ ಓಡುತ್ತದೆ, ನೀರಿನ ದಾರಿ ತೋರಿಸದು. ಆದುದರಿಂದ ಅದರ ಕೆಳಗೆ, ಸುಮಾರು 15 ಮೀಟರು ಆಳದಲ್ಲಿ, ತೂತುಗಳಿರುವ ಬಟ್ಟೆಯ ದೊಡ್ಡ ಕೊಳವೆಯೊಂದನ್ನು ಇಳಿಬಿಟ್ಟಿರುತ್ತಾರೆ. ನೀರು ಅದನ್ನು ಎಳೆದತ್ತ ಬುರುಡೆಯೂ ಸಾಗುತ್ತ, ತಾನಿರುವ ಜಾಗವನ್ನೂ ನೀರಿನ ಬಿಸುಪನ್ನೂ ಉಪಗ್ರಹಕ್ಕೆ ತಿಳಿಸುತ್ತದೆ. ಕೊಳವೆ ಹರಿದುಹೋಯಿತೋ, ಅದರ ಸಾಕ್ಷ್ಯವನ್ನು ಅಷ್ಟಾಗಿ ನಂಬುವಂತಿಲ್ಲ.

ನಮ್ಮ ಪಡುಗರೆಯ ನೀರು ಮಳೆಗಾಲದಲ್ಲಿ ತೆಂಕಣಕ್ಕೂ ಚಳಿಗಾಲದಲ್ಲಿ ಬಡಗಣಕ್ಕೂ ಹರಿಯುತ್ತದೆ. ಎಷ್ಟು ವೇಗವಾಗಿ, ಎಲ್ಲಿ ಸುಳಿ ತಿರುಗಿ ಎಂಬುದಕ್ಕೆ ಇಂಥ ಬುರುಡೆಗಳೇ ಸಾಕ್ಷಿ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ 2016ರಲ್ಲಿ ‘ಸಾರಟ್’ ಎಂಬ ಏರ್ಪಾಡನ್ನು ತಂದಿತು. ದೋಣಿಯೋ ಮನುಷ್ಯನೋ ಕೊನೆಗೆ ಕಂಡ ಜಾಗ, ಹೊತ್ತು ತಿಳಿಸಿದರೆ, ಗಾಳಿಯ ಮತ್ತು ನೀರಿನ ಓಟದ ಲೆಕ್ಕ ಹಾಕಿ ಎಲ್ಲಿ ಹುಡುಕಬೇಕೆಂದು ಅದು ಹೇಳುತ್ತದೆ. ಸುದ್ದಿ ತಡವಾದಷ್ಟೂ ಹುಡುಕಬೇಕಾದ ನೀರಿನ ಹರವು ಹಿಗ್ಗುತ್ತದೆ.